ಅಲೆಕ್ಸಾಂಡ್ರಿಯಾದಲ್ಲಿ ನಮ್ಮೂರ ಹನ್ನೆರಡು ಭುಜ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ನಮ್ಮೂರು ಹಲ್ ಕಪ್ಪಾರಿನಲ್ಲಿ ನನಗಿಂತ ಮೊದಲೇ ಇನ್ನೂರು ಜನ ಅದನ್ನು ಹೇಳಿಯಾಗಿದೆ. ನಾನು ಜುದಿತ್ತಾ. ಸಂತ ಕತರೀನಾ ವಾದ್ಯವೃಂದದ ಕ್ಲಬ್ಬಿನ ಬಾರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಗ್ಲಾಸು ತೊಳೆಯುತ್ತಿರುವವಳು. ಮಾಲ್ಟಾದಲ್ಲಿ ಸುದ್ದಿ ಅನ್ನುವುದು ಪತ್ರಿಕೆಗೆ ಹೋಗುವ ಮೊದಲು ಕ್ಲಬ್ಬಿನ ಬಾರಿಗೆ ಬರುತ್ತದೆ. ಬಂದ ಸುದ್ದಿಗೆ ಕೈಕಾಲು ಜೋಡಿಸಿ ಬೀದಿಗೆ ಕಳಿಸುವವಳು ನಾನು ಅಂತ ನನ್ನ ಗಂಡ ವಿಸ್ಟಿನ್ ಹೇಳುತ್ತಾನೆ.

ವಿಸ್ಟಿನ್ ಕಲ್ಲುಕೆಲಸದವನು. ಆಳು ಬಾಗಿಲಷ್ಟು ಅಗಲ, ಎದೆಯವರೆಗೆ ಗಡ್ಡ. ನೋಡಿದವರು ಹೆದರಬೇಕು, ಆದರೆ ನಮ್ಮ ಮನೆಯಲ್ಲಿ ಭಾನುವಾರದ ಅಡುಗೆಗೆ ಮೊಲದ ಕುತ್ತಿಗೆ ಮುರಿಯುವವಳು ನಾನೇ. ಅವನು ಆ ಹೊತ್ತಿಗೆ ಮಾಳಿಗೆ ಹತ್ತಿ ಟೊಮೇಟೊ ಗಿಡಕ್ಕೆ ನೀರು ಹಾಕುತ್ತಿರುತ್ತಾನೆ.

ಇಪ್ಪತ್ತಾರು ವರ್ಷದಿಂದ ಅವನು ಸೆಪ್ಟೆಂಬರ್ ಹಬ್ಬದ ಮೆರವಣಿಗೆಯಲ್ಲಿ ಸಂತ ಕತರೀನಾಳ ಪ್ರತಿಮೆ ಹೊರುತ್ತಿದ್ದಾನೆ, ಅದೂ ಹಿಂದಿನ ದಂಡಿಗೆಯ ನಡುವೆ. ಹನ್ನೆರಡು ಜನ ಹೊರುವವರಲ್ಲಿ ಎಲ್ಲರಿಗೂ ಬೇಕಾದದ್ದು ಮುಂದಿನ ಬಲಗಡೆಯ ಜಾಗ. ಅಲ್ಲಿ ನಿಂತವನ ಹೆಜ್ಜೆಯೇ ಉಳಿದ ಹನ್ನೊಂದು ಜನರ ಹೆಜ್ಜೆ. ಇಪ್ಪತ್ತೆರಡು ವರ್ಷ ಆ ಜಾಗದಲ್ಲಿದ್ದದ್ದು ಕ್ಲಬ್ಬಿನ ಅಧ್ಯಕ್ಷ ಝಾರೆನ್. ಈ ಸಲ ಅವನ ಮಂಡಿ ಕೈಕೊಟ್ಟಿತು. ಜಾಗ ವಿಸ್ಟಿನ್‌ಗೆ ಅಂತ ಮಾತಾಯಿತು. ಜೂನ್ ಮೊದಲ ಭಾನುವಾರ ಸಮಿತಿ ಕೂತು ಕೈಯೆತ್ತುವುದೊಂದು ಬಾಕಿ. ಅವತ್ತಿನಿಂದ ನನ್ನ ಗಂಡ ಕನ್ನಡಿ ಮುಂದೆ ಬಲಭುಜ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವುದನ್ನು ನಾನು ಮೂರು ಸಲ ಹಿಡಿದಿದ್ದೇನೆ. ಹೊಸ ಮದುಮಗಳೂ ಅಷ್ಟು ನೋಡಿಕೊಳ್ಳುವುದಿಲ್ಲ.

ಮೇ ತಿಂಗಳ ಒಂದು ಬೆಳಗ್ಗೆ ಬಾರಿಗೆ ಮಾರ್ಥೀಸ್ ಅನ್ನುವ ಹುಡುಗಿ ಬಂದಳು. ಇಂಗ್ಲಿಷ್ ಮಾತಿನ ಪಟ್ಟಣ ಸ್ಲೀಮಾದವಳು, ಅಂದರೆ ನಮ್ಮ ಭಾಷೆಯನ್ನು ಬಿಸಿ ಆಲೂಗಡ್ಡೆ ಬಾಯಲ್ಲಿಟ್ಟುಕೊಂಡಂತೆ ಆಡುವವಳು. ನಮ್ಮೂರ ಪಕ್ಕದ ಹಳೇ ಕೋಟೆಯಲ್ಲಿ ಪರದೇಶದವರು ಸಿನಿಮಾ ತೆಗೆಯುತ್ತಿದ್ದರು. ಆ ಸಿನಿಮಾಕ್ಕೆ ಜನರನ್ನು ಕೂಡಿಸುವುದು ಇವಳ ಕೆಲಸ.

"ಆಂಟಿ, ನಮಗೆ ಗಡ್ಡ ಇರೋ ಗಂಡಸರು ಬೇಕು."

"ಯಾವ ಸಿನಿಮಾಕ್ಕಮ್ಮ?"

"ಹಳೇ ಕಾಲದ್ದು ಆಂಟಿ. ಅಲೆಕ್ಸಾಂಡ್ರಿಯಾ ಪಟ್ಟಣ. ಅಲ್ಲೊಬ್ಬಳು ಮಹಾ ಪಂಡಿತೆ. ದೊಡ್ಡ ದೊಡ್ಡ ಗಂಡಸರು ಅವಳ ಮುಂದೆ ಕೂತು ಪಾಠ ಹೇಳಿಸ್ಕೊಳ್ತಾರೆ. ಮದುವೆ ಬೇಡ ಅಂತಾಳೆ. ಕೊನೆಗೆ ಧರ್ಮದ ಹೆಸರಲ್ಲಿ ಜನ ಅವಳನ್ನ ಕೊಂದುಹಾಕ್ತಾರೆ."

ನಾನು ಗ್ಲಾಸು ಕೆಳಗಿಟ್ಟು ತಲೆಯೆತ್ತಿದೆ. ಬಾರಿನ ಗೋಡೆ ಮೇಲೆ, ನನ್ನ ತಲೆಯ ನೇರಕ್ಕೆ, ನಮ್ಮ ಸಂತ ಕತರೀನಾ ಇದ್ದಾಳೆ. ಅಲೆಕ್ಸಾಂಡ್ರಿಯಾದವಳು. ಐವತ್ತು ಜನ ಪಂಡಿತರನ್ನು ಒಂದೇ ಮಧ್ಯಾಹ್ನದಲ್ಲಿ ಬಾಯಿ ಮುಚ್ಚಿಸಿದವಳು. ಚಕ್ರವರ್ತಿ ಬಂದು ಕೇಳಿದರೂ ಮದುವೆ ಬೇಡ ಅಂದವಳು. ನಮ್ಮ ದೇವರನ್ನು ನಂಬಿದ್ದಕ್ಕೇ ಕೊಲ್ಲಿಸಿಕೊಂಡವಳು. ಇನ್ನು ಕೇಳುವುದೇನಿದೆ?

"ಅವಳು ನಮ್ಮವಳು ಕಣಮ್ಮಾ!" ಅಂದೆ.

"ಹೌದಾ? ನನಗೆ ಗೊತ್ತೇ ಇರ್ಲಿಲ್ಲ," ಅಂದಳು ಮಾರ್ಥೀಸ್. ಸ್ಲೀಮಾದವರಿಗೆ ಏನು ಗೊತ್ತಿರುತ್ತದೆ.

ಮಧ್ಯಾಹ್ನದ ಗಂಟೆ ಬಾರಿಸುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು: ನಮ್ಮ ಕತರೀನಾ ಸಿನಿಮಾ ಆಗುತ್ತಿದ್ದಾಳೆ. ಝಾರೆನ್ ಆನಂದಕ್ಕೆ ಎಲ್ಲರಿಗೂ ಚೀಸ್ ತುಂಬಿದ ಬಿಸಿ ಪಸ್ತಿತ್ಸಿ ತರಿಸಿ ಹಂಚಿದ. ನಾನು ಮನೆಗೆ ಓಡಿ ಬಾಲ್ಕನಿಗೆ ಬಂದು ನಿಂತೆ. ಎದುರು ಬಾಲ್ಕನಿ ನನ್ನ ತಂಗಿ ವಿತೋರಿನ್‌ಳದು. ಅವಳು ಮದುವೆಯಾಗಿರುವುದು ಫ್ರೆದುವನ್ನು; ಫ್ರೆದು ಅಂದರೆ ಚೌಕದ ಆಚೆಯ ಸಂತ ರೋಕ್ಕು ಕ್ಲಬ್ಬಿನ ಅಧ್ಯಕ್ಷ, ಅಂದರೆ ಶತ್ರು. ಪೋಪರೇ ಬಂದು ಹೇಳಿದರೂ ಕತರೀನಾದವರೂ ರೋಕ್ಕುದವರೂ ಒಂದೇ ಬಾರಿನಲ್ಲಿ ಚಹಾ ಕುಡಿಯುವುದಿಲ್ಲ.

"ವಿತೋರಿನ್, ನಿಮ್ ರೋಕ್ಕು ಮೇಲೆ ಇನ್ನೂ ಯಾರೂ ಸಿನಿಮಾ ತೆಗೀಲಿಲ್ವೇನೇ? ಪಾಪ, ಪ್ರತಿಮೆ ಕಾಲಡಿ ನಾಯಿ ಇದೆ, ತೊಡೆ ಮೇಲೆ ಹುಣ್ಣಿದೆ, ನೋಡೋಕೆ ಚೆನ್ನಾಗಿರೋದು!"

"ನೀನು ಒಳಗೆ ಹೋಗಿ ನಿನ್ನ ಗಂಡನಿಗೆ ಅನ್ನ ಹಾಕಕ್ಕಾ," ಅಂದು ಅವಳು ಬಾಗಿಲು ಬಡಿದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಮೂರು ವಾರ ದಿನಾ ಸಂಜೆ ಬಟ್ಟೆ ತೆಗೆಯುವ ನೆಪದಲ್ಲಿ ಬಾಲ್ಕನಿಗೆ ಬಂದು ಇದೇ ಪಾಠ ಒಪ್ಪಿಸಿದೆ. ವಿಸ್ಟಿನ್ ಒಳಗೆ ಕೂತು ಬ್ರೆಡ್ಡಿಗೆ ಟೊಮೇಟೊ ಉಜ್ಜುತ್ತ ಸುಮ್ಮನೆ ಕೇಳುತ್ತಿದ್ದ.

ವೇಷ ಹಂಚುವ ದಿನ ಕೋಟೆ ಬಾಗಿಲಲ್ಲಿ ಮಾರ್ಥೀಸ್ ಮೈಕು ಹಿಡಿದು ಕೂಗಿದಳು: "ಕಪ್ಪು ನಿಲುವಂಗಿ ಕ್ರೈಸ್ತರಿಗೆ! ಬಿಳಿ ಮೂರ್ತಿಪೂಜಕರಿಗೆ!"

ನಮ್ಮವರು ಬೆಳಗಿನ ಜಾವದಿಂದಲೇ ಸಾಲು ಕಟ್ಟಿದ್ದರು. ಹನ್ನೆರಡು ಜನ ಹೊರುವವರೂ, ಅವರ ಹಿಂದೆ ಕಹಳೆಯವರೂ ನಗಾರಿಯವರೂ, ಒಬ್ಬರೂ ಬಿಡದೆ ಕಪ್ಪು ಎತ್ತಿಕೊಂಡರು. ಝಾರೆನ್‌ಗೆ ಒಂದು ಉದ್ದ ಕೋಲೂ ಸಿಕ್ಕಿತು. ತಡವಾಗಿ ಬಂದ ರೋಕ್ಕುದವರಿಗೆ ಉಳಿದದ್ದು ಬಿಳಿ ಮಾತ್ರ.

"ಮೂರ್ತಿಪೂಜಕರು ಅಂತೆ!" ನಮ್ಮವರು ನಕ್ಕರು.

ಫ್ರೆದು ಬಿಳಿ ಬಟ್ಟೆ ಹೆಗಲಿಗೆ ಹಾಕಿಕೊಂಡು, "ನಗಿ, ನಗಿ. ಸೆಪ್ಟೆಂಬರ್‌ನಲ್ಲಿ ಮರದ ಗೊಂಬೆ ಹೊತ್ಕೊಂಡು ಊರೆಲ್ಲ ಸುತ್ತೋರು ಯಾರು ಅಂತ ಆಗ ಕೇಳ್ತೀನಿ," ಅಂದ.

"ನೀನೂ ಹೊರ್ತೀಯಲ್ಲೋ ಆಗಸ್ಟ್‌ನಲ್ಲಿ!"

"ನಮ್ದು ಹಗುರ," ಅಂದ ಫ್ರೆದು.

ನನಗೆ ಹೊಲಿಗೆ ಬರುತ್ತದೆಂದು ವೇಷದ ಡೇರೆಯಲ್ಲಿ ಅಂಚು ಹೊಲಿಯಲು ಕೂರಿಸಿದರು. ಅಲ್ಲಿನ ಯಜಮಾನಿ ಇಟಲಿಯವಳು, ಬಾಯಿತುಂಬ ಗುಂಡುಸೂಜಿ. ಚಿತ್ರೀಕರಣಕ್ಕೆ ಇನ್ನು ಮೂರು ದಿನವಿತ್ತು. ಕಪ್ಪು ನಿಲುವಂಗಿಯ ತೋಳಿನ ಪಟ್ಟಿಯನ್ನು ಸಡಿಲವಾಗಿ ಹೊಲಿ ಅಂದಳು.

"ಯಾಕೆ?"

"ರಕ್ತ ಆಗುತ್ತಲ್ಲ, ಬಿಚ್ಚಿ ತೊಳೀಬೇಕು."

"ಇವರ ತೋಳಿಗೆ ಯಾಕೆ ರಕ್ತ? ಇವರು ಕ್ರೈಸ್ತರಲ್ವಾ?"

ಅವಳು ಒಂದೊಂದೇ ಸೂಜಿ ಬಾಯಿಂದ ತೆಗೆದು ನನ್ನನ್ನು ಕನಿಕರದಿಂದ ನೋಡಿದಳು. "ಕೊಲ್ಲೋರೇ ಇವರಲ್ವೇನಮ್ಮಾ. ಆ ಹೆಂಗಸು ಗಣಿತ ಕಲಿಸೋಳು, ನಕ್ಷತ್ರ ನೋಡೋಳು. ನಮ್ಮ ಧರ್ಮಕ್ಕೆ ಸೇರು ಅಂದ್ರೆ ಸೇರಲಿಲ್ಲ. ಬಿಳಿ ಬಟ್ಟೆಯೋರು ಅವಳ ಶಿಷ್ಯರು, ಪುಸ್ತಕ ಕಾಯೋಕೆ ಹೋಗಿ ಸಾಯ್ತಾರೆ. ಕಪ್ಪು ಬಟ್ಟೆಯೋರು ಅವಳನ್ನ ರಥದಿಂದ ಎಳೆದು ಕೊಲ್ತಾರೆ."

ನೆಲ ಬಾಯಿಬಿಟ್ಟಿದ್ದರೆ ಸೂಜಿದಾರದ ಸಮೇತ ಇಳಿದುಬಿಡುತ್ತಿದ್ದೆ. ಪಟ್ಟಣವೊಂದೇ, ವಿದ್ಯೆಯೊಂದೇ, ಮದುವೆ ಬೇಡ ಅಂದದ್ದೂ ಒಂದೇ. ಆದರೆ ಇವಳು ನಮ್ಮವಳಲ್ಲ, ಕೊಲ್ಲುವವರು ನಮ್ಮವರು. ಅವತ್ತೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಎದುರು ಬಾಲ್ಕನಿ ಕಣ್ಣಮುಂದೆ ಬಂತು. ವಿತೋರಿನ್ ನಗುವುದನ್ನು ಇನ್ನು ಮೂರು ದಿನ ಮುಂದಕ್ಕೆ ಹಾಕಿದರೆ ಸಾಕು ಅನ್ನಿಸಿತು. ಮೂರು ದಿನದಲ್ಲಿ ಮಳೆ ಬರಬಹುದು, ಕೋಟೆ ಬೀಳಬಹುದು, ಆ ನಿರ್ದೇಶಕನಿಗೆ ಹೊಟ್ಟೆ ಕೆಡಬಹುದು. ಮಾಲ್ಟಾದಲ್ಲಿ ಮೇ ತಿಂಗಳಲ್ಲಿ ಮಳೆಗೆ ಕಾದ ಮೊದಲ ಹೆಂಗಸು ನಾನೇ ಇರಬೇಕು.

ಮಳೆ ಬರಲಿಲ್ಲ. ಆ ಬೆಳಗ್ಗೆ ಕೋಟೆಯೊಳಗೆ ಹಲಗೆಯ ಅಲೆಕ್ಸಾಂಡ್ರಿಯಾ ಎದ್ದು ನಿಂತಿತ್ತು. ಗ್ರಂಥಾಲಯದ ಮೆಟ್ಟಿಲ ಮೇಲೆ ರೋಕ್ಕುದವರು ಸುರುಳಿ ಹಿಡಿದು, ಹುಟ್ಟಾ ಪಂಡಿತರ ಹಾಗೆ ಗಡ್ಡ ನೀವುತ್ತ ಕೂತಿದ್ದರು. ವಿತೋರಿನ್‌ಳೂ ಸೇರಿ ನಾವು ಹತ್ತಾರು ಹೆಂಗಸರು ಹಗ್ಗದಾಚೆ ನಿಂತು ನೋಡುತ್ತಿದ್ದೆವು. ಮಾರ್ಥೀಸ್ ಮೈಕಿನಲ್ಲಿ ದೃಶ್ಯ ವಿವರಿಸಿದಳು: ಬಿಳಿಯವರೆಲ್ಲ ಸತ್ತು ಮೆಟ್ಟಿಲ ಮೇಲೆ ಬಿದ್ದಿರಬೇಕು. ರಥ ಬರುತ್ತದೆ. ಕಪ್ಪಿನವರು ಸುತ್ತುವರಿದು ಪಂಡಿತೆಯನ್ನು ಎಳೆದು ನೆಲಕ್ಕೆ ಬೀಳಿಸಬೇಕು, ದರದರ ಎಳೆದುಕೊಂಡು ಹೋಗಬೇಕು.

ಮೆಟ್ಟಿಲ ಮೇಲಿಂದ ಫ್ರೆದುವಿನ ನಗು ಶುರುವಾಯಿತು. ನಿಲ್ಲುವ ನಗುವಲ್ಲ ಅದು.

"ಲೋ ಝಾರೆನ್! ಅಲೆಕ್ಸಾಂಡ್ರಿಯಾದ ಪಂಡಿತೆನ ಕೊಲ್ಲೋಕೆ ಬೆಳಗಿನ ಜಾವ ಎದ್ದು ಸಾಲು ನಿಂತಿದ್ರಲ್ಲೋ!"

"ಬಟ್ಟೆ ಬದಲಾಯಿಸ್ಕೊಳ್ಳೋ," ಝಾರೆನ್ ಹಲ್ಲು ಕಚ್ಚಿ ಹೇಳಿದ.

"ಆಗಲ್ಲ. ನಾವೀಗ ತತ್ವಜ್ಞಾನಿಗಳು."

ಝಾರೆನ್ ಕೋಲು ನೆಲಕ್ಕೆ ಕುಟ್ಟಿದ. ಮುಖ ಕೆಂಪಗೆ ಬೆಂದಿತ್ತು. "ಕೇಳ್ರಪ್ಪಾ. ಬಿಟ್ಟು ಹೋದ್ರೆ ರೋಕ್ಕುದೋರು ಹೇಡಿಗಳು ಅಂತಾರೆ, ಅದಕ್ಕೇ ಯಾರೂ ಹೋಗಬೇಡಿ. ಆದ್ರೆ ಅಲೆಕ್ಸಾಂಡ್ರಿಯಾದ ಪಂಡಿತೆ ಮೈಮೇಲೆ ಯಾವನು ಮೊದಲು ಕೈ ಹಾಕ್ತಾನೋ, ಅವನು ನಮ್ಮ ಕತರೀನಾ ದಂಡಿಗೆ ಮುಟ್ಟಕೂಡದು. ನಾನು ಅಧ್ಯಕ್ಷ, ಹೇಳಿದೀನಿ."

ಮಾರ್ಥೀಸ್ ಕೇಳಿದಳು: "ಮೊದಲು ಎಳೆಯೋರು ಯಾರು?"

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಆಗ ಒಂದು ಕೈ ಮೇಲೆದ್ದಿತು. ಹಲಗೆಯಷ್ಟು ಅಗಲದ ಕೈ. ನನ್ನ ಗಂಡನದು.

"ವಿಸ್ಟಿನ್!" ನಾನು ಹಗ್ಗದಾಚೆಯಿಂದ ಕಿರುಚಿದೆ. "ಕೈ ಇಳಿಸೋ ಮಾರಾಯಾ!"

ಅವನು ತಿರುಗಿ ನನ್ನನ್ನು ನೋಡಿ ಸ್ವಲ್ಪ ನಕ್ಕ. ಕೈ ಇಳಿಸಲಿಲ್ಲ. ಇಪ್ಪತ್ತಾರು ವರ್ಷ ಕಾದ ಜಾಗ ನನ್ನ ನಾಲಿಗೆಯಿಂದ ಹೋಯಿತು. ಮೂರು ದಿನದ ಮೊದಲೇ ಬಾಯಿ ಬಿಟ್ಟಿದ್ದರೆ ಇವನು ಈ ಕಪ್ಪು ಅಂಗಿಯನ್ನೇ ತೊಡುತ್ತಿರಲಿಲ್ಲ.

ರಥ ಬಂತು. ಅದರಲ್ಲಿ ನಾಯಕಿ, ಬಿಳಿ ಸೀರೆಯಂಥ ಉಡುಪು, ತೆಳ್ಳನೆಯ ಹೆಂಗಸು. ನಮ್ಮ ಪ್ರತಿಮೆಗಿಂತ ಎಷ್ಟೋ ಹಗುರ. ಕಪ್ಪು ಗುಂಪು ಕೂಗುತ್ತ ಮುತ್ತಿತು. ವಿಸ್ಟಿನ್ ಕೈ ಚಾಚಿ ಅವಳ ಸೊಂಟ ಹಿಡಿದು ಎಳೆದ. ಅವಳು ಜಾರಿದಳು, ನೆಲಕ್ಕೆ ಬೀಳಬೇಕು, ಬೀಳಲಿಲ್ಲ. ಅವಳ ಭಾರ ಅವನ ಬಲಭುಜಕ್ಕೆ ಬಂತು. ಅವನು ಬೆನ್ನು ನೆಟ್ಟಗೆ ಮಾಡಿ ನಿಂತ.

ಆಮೇಲೆ ನಡೆದದ್ದನ್ನು ಯಾರೂ ಕಲಿಸಿರಲಿಲ್ಲ. ಹಿಂದಿದ್ದ ಹನ್ನೊಂದು ಜನ, ಒಂದು ಮಾತಿಲ್ಲದೆ, ತಮ್ಮ ತಮ್ಮ ಜಾಗಕ್ಕೆ ಬಂದು ಭುಜ ಕೊಟ್ಟರು: ಬೆನ್ನಿಗಿಬ್ಬರು, ಸೊಂಟಕ್ಕೆ ನಾಲ್ವರು, ಕಾಲಿಗೆ ನಾಲ್ವರು. ಝಾರೆನ್ ಕೂಡ ಕೋಲೆಸೆದು, ಕುಂಟುತ್ತ ಎಡಕ್ಕೆ ಸೇರಿಕೊಂಡ. ವಿಸ್ಟಿನ್ ಬಲಗಾಲು ಮುಂದಿಟ್ಟ. ಎರಡು ಹೆಜ್ಜೆ, ಒಂದು ತೂಗು, ಒಂದು ನಿಲುಗಡೆ. ಮತ್ತೆ ಎರಡು ಹೆಜ್ಜೆ. ಅಲೆಕ್ಸಾಂಡ್ರಿಯಾದ ಕೊಲೆಗಡುಕರು ತಾವು ಕೊಲ್ಲಬೇಕಾದವಳನ್ನು ಭುಜದ ಮೇಲೆ ಮಲಗಿಸಿಕೊಂಡು, ತೂಗಿಕೊಂಡು, ಗ್ರಂಥಾಲಯದ ಮುಂದೆ ಮೆರವಣಿಗೆ ಹೊರಟರು. ಕಹಳೆಯ ಪೆಪ್ಪು ಬಾಯಲ್ಲೇ ರಾಗ ಹಾಕಿದ. ನನ್ನ ಪಕ್ಕದ ಮುದುಕಿಯೊಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು.

ಸತ್ತು ಬಿದ್ದಿದ್ದ ಫ್ರೆದು ತಡೆಯಲಾರದೆ ಎದ್ದು ಕೂತ. "ಎಡಗಡೆ ತಗ್ಗಿದೆ ಕಣ್ರೋ! ಆಯಮ್ಮ ಜಾರ್ತಾಳೆ! ಝಾರೆನ್, ನಿನ್ನ ಕೈಲಾಗಲ್ಲ, ಬಿಡು!" ಅಂದವನು ಬಿಳಿ ಅಂಗಿಯಲ್ಲೇ ಓಡಿ ಬಂದು ಝಾರೆನ್‌ನ ಪಕ್ಕ ಭುಜ ಕೊಟ್ಟ.

"ಕಟ್!" ನಿರ್ದೇಶಕ ಟೋಪಿ ನೆಲಕ್ಕೆಸೆದ. "ಹೆಣ ಯಾಕೆ ಮಾತಾಡ್ತಿದೆ?"

ಐದು ಸಲ ತೆಗೆದರು. ಐದು ಸಲವೂ ಅದೇ ಆಯಿತು. ಎರಡನೆಯ ಸಲ ಹೆಣಗಳನ್ನು ಹಗ್ಗ ಹಾಕಿ ಕಟ್ಟಿದರು. ಮೂರನೆಯ ಸಲ ಗುಂಪಿನವರನ್ನು ಅದಲು ಬದಲು ಮಾಡಿದರು. ವಿಸ್ಟಿನ್ ಭುಜ ನೆಟ್ಟಗಾಗುತ್ತಲೇ ಅವರೆಲ್ಲ ಬಂದು ಮತ್ತೆ ಅವರವರ ಜಾಗದಲ್ಲೇ ನಿಂತರು. ನಾಲ್ಕನೆಯ ಸಲ ನಾಯಕಿಗೇ ನಗು ತಡೆಯಲಾಗಲಿಲ್ಲ. ಐದನೆಯ ಸಲ ಅವಳು ಮೇಲೆ ಕಣ್ಣು ಮುಚ್ಚಿ ಹಾಯಾಗಿ ಮಲಗಿಬಿಟ್ಟಳು. ಕೊನೆಗೆ ಪರದೇಶದಿಂದ ಬಂದ ಸಾಹಸ ದೃಶ್ಯದವರಿಗೆ ಕಪ್ಪು ಅಂಗಿ ತೊಡಿಸಿದರು, ಅವಳ ಬದಲಿಗೆ ಅವಳ ಹಾಗೇ ಉಡಿಸಿದ ಬೊಂಬೆಯೊಂದನ್ನು ನೆಲಕ್ಕೆ ಬೀಳಿಸಿದರು. ನಮ್ಮವರು ನೋಡಲಾರದೆ ಮುಖ ತಿರುಗಿಸಿಕೊಂಡರು.

ವಿತೋರಿನ್ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು. ಸಂಜೆಯೊಳಗೆ ಊರೆಲ್ಲ ನೋಡಿತು. ಬಾಲ್ಕನಿಗೆ ನಾನು ನಾಲ್ಕು ದಿನ ಹೋಗಲಿಲ್ಲ. ಬಟ್ಟೆ ಅಲ್ಲೇ ಒಣಗಿ ರೊಟ್ಟಿಯಾಯಿತು.

ಜೂನ್ ಮೊದಲ ಭಾನುವಾರ, ಹತ್ತು ಗಂಟೆಯ ಪೂಜೆ ಮುಗಿದ ಮೇಲೆ, ಸಮಿತಿ ಕೂತಿತು. ಒಂಬತ್ತು ಗಂಡಸರು, ಮೇಜು, ಅದರೆದುರು ಕರೆಸಿಕೊಂಡ ವಿಸ್ಟಿನ್, ಮುಚ್ಚಿದ ಬಾಗಿಲು. ನಾನು ಚಹಾ ತರುವ ನೆಪದಲ್ಲಿ ಬಾಗಿಲಿಗೆ ಕಿವಿಯಿಟ್ಟೆ.

"ವಿಸ್ಟಿನ್, ನಾನು ಹೇಳಿದ್ದೆ," ಝಾರೆನ್‌ನ ದನಿ. "ಆ ಹೆಂಗಸಿನ ಮೇಲೆ ನೀನೇ ಮೊದಲು ಕೈ ಹಾಕಿದೆ. ಅದು ಒಂದು ತಪ್ಪು. ಆಮೇಲೆ ಕ್ರೈಸ್ತಳೇ ಅಲ್ಲದವಳನ್ನ ನಮ್ಮ ಕತರೀನಾ ಹೊರೋ ಹಾಗೆ ಹೊತ್ತೆ. ಅದು ಇನ್ನೂ ದೊಡ್ಡ ತಪ್ಪು."

ಇದಕ್ಕಿಂತ ಹೆಚ್ಚು ಕೇಳುವುದು ನನ್ನಿಂದಾಗಲಿಲ್ಲ. ಟ್ರೇ ಸಮೇತ ಬಾಗಿಲು ಒದ್ದು ಒಳಗೆ ಹೋದೆ.

"ಎಳೆದ್ರೂ ತಪ್ಪು, ಹೊತ್ರೂ ತಪ್ಪು, ಇನ್ನೇನು ಅವನು ಅವಳ ಜೊತೆ ಡ್ಯಾನ್ಸ್ ಮಾಡಬೇಕಿತ್ತಾ?" ಅಂದೆ. "ನೀನೂ ಹೊತ್ತಿದ್ದೆ ಝಾರೆನ್, ಫೋನಿನಲ್ಲಿದೆ, ನಿನ್ನ ಹಿಂಭಾಗ ಚೆನ್ನಾಗಿ ಕಾಣುತ್ತೆ."

"ಜುದಿತ್ತಾ, ಇದು ಸಮಿತಿ..."

"ಸಮಿತಿಗೇ ಹೇಳ್ತಿದೀನಿ. ತಪ್ಪು ನನ್ನದು. ಸಿನಿಮಾ ನಮ್ಮ ಕತರೀನಾದು ಅಂತ ಊರಿಗೆ ಸಾರಿದ್ದು ನಾನು. ಅಲ್ಲ ಅಂತ ಮೂರು ದಿನ ಮೊದಲೇ ಗೊತ್ತಾಯ್ತು. ಬಾಯಿ ಮುಚ್ಕೊಂಡೆ. ನನ್ನ ತಂಗಿ ನಗ್ತಾಳೆ ಅಂತ. ಇವನಿಗೇನೂ ಗೊತ್ತಿರ್ಲಿಲ್ಲ. ಶಿಕ್ಷೆ ಕೊಡೋದಾದ್ರೆ ನನ್ನ ಬಾರಿಂದ ಕಳಿಸಿ, ಇವನ ಜಾಗ ಕಿತ್ಕೋಬೇಡಿ."

ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ನಾನು ಗಂಡನ ಮುಂದೆ ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು. ಜನರ ಮುಂದೆ ಬೇರೆ.

ವಿಸ್ಟಿನ್ ನಿಧಾನ ಎದ್ದು ನನ್ನ ಕೈಯಿಂದ ಟ್ರೇ ತೆಗೆದು ಮೇಜಿನ ಮೇಲಿಟ್ಟ. "ನನಗೆ ಗೊತ್ತಿತ್ತು," ಅಂದ.

"ಏನು ಗೊತ್ತಿತ್ತು?" ಝಾರೆನ್ ಕೇಳಿದ.

"ಎಲ್ಲ. ಇವಳು ಬಾರಲ್ಲಿ ಸಾರಿದ ಮಾರನೇ ದಿನಾನೇ. ಶೂಟಿಂಗಿಗೆ ಮುಂಚೆ ಯಾವ ಪ್ರಾರ್ಥನೆ ಹೇಳ್ಬೇಕು ಅಂತ ದುನ್ ಆಂಜ್ಲು ಪಾದ್ರಿಗಳನ್ನ ಕೇಳೋಕೆ ಹೋಗಿದ್ದೆ. ಅವರಂದ್ರು, ವಿಸ್ಟಿನ್, ನಮ್ಮ ಕತರೀನಾನ ಕೊಂದೋರು ಮೂರ್ತಿಪೂಜಕರ ಕಡೆಯೋರು, ಈ ಸಿನಿಮಾದೋಳನ್ನ ಕೊಂದೋರು ನಮ್ಮ ಕಡೆಯೋರು, ಓದಿದ ಹೆಂಗಸನ್ನ ಕಂಡ್ರೆ ಎರಡೂ ಕಡೆಯೋರಿಗೂ ಆಗ್ತಿರ್ಲಿಲ್ಲ ಅಂತ."

"ಗೊತ್ತಿದ್ದೂ ಕೈ ಎತ್ತಿದ್ಯಾ?"

"ಇನ್ಯಾರೋ ಎತ್ತಿದ್ರೆ ನಿಜವಾಗ್ಲೂ ಬೀಳಿಸ್ತಿದ್ರು," ಅಂದ ವಿಸ್ಟಿನ್. ತಪ್ಪಿತಸ್ಥನ ಹಾಗೆ ನೆಲ ನೋಡುತ್ತ ಹೇಳಿದ. "ನಾನು ಎತ್ತಿ ನಿಂತ್ರೆ ನೀವೆಲ್ಲ ಬಂದು ಭುಜ ಕೊಡ್ತೀರ ಅಂತ ಗೊತ್ತಿತ್ತು. ಬೀಳ್ತಿರೋಳನ್ನ ನೋಡ್ಕೊಂಡು ನಿಲ್ಲೋ ಅಭ್ಯಾಸ ನಮಗೆ ಯಾರಿಗಿದೆ?"

ಝಾರೆನ್ ಮೇಜಿನ ಕೆಳಗೆ ಮಂಡಿ ಉಜ್ಜಿಕೊಂಡ. ಬಹಳ ಹೊತ್ತು ಉಜ್ಜಿಕೊಂಡ.

"ಇಪ್ಪತ್ತೆರಡು ವರ್ಷ ಮುಂದೆ ನಿಂತು ನಾನು ಗಂಟಲು ಹರ್ಕೊಂಡೆ," ಅಂದ ಕೊನೆಗೆ. "ಎತ್ತಿ, ಇಳಿಸಿ, ಎಡಕ್ಕೆ, ಬಲಕ್ಕೆ. ಒಂದು ವರ್ಷಾನೂ ನೀವು ನೆಟ್ಟಗೆ ಕೇಳ್ಲಿಲ್ಲ. ಇವನು ತುಟಿ ಬಿಚ್ಚಲಿಲ್ಲ, ಹತ್ತು ಜನ ಹೋಗಿ ನಿಂತ್ರಿ. ನಾನೂ ಹೋದೆ, ಈ ಹಾಳು ಮಂಡಿ ಇಟ್ಕೊಂಡು. ರೋಕ್ಕುದ ಫ್ರೆದು ಸತ್ತೋನು ಎದ್ದು ಬಂದ!" ಅವನು ನಿಟ್ಟುಸಿರಿಟ್ಟು ಕೈ ಮೇಲೆತ್ತಿದ. "ನಾನು ಅವತ್ತು ಹೇಳಿದ ಮಾತು ವಾಪಸ್ ತಗೊಂಡಿದೀನಿ. ಮುಂದಿನ ಬಲಗಡೆ, ವಿಸ್ಟಿನ್. ಒಪ್ಪಿದೋರು ಕೈಯೆತ್ತಿ. ಜುದಿತ್ತಾ, ನೀನು ಇಳಿಸು, ನಿನಗೆ ಓಟಿಲ್ಲ."

ಒಂಬತ್ತು ಕೈ ಎದ್ದವು. ನಾನು ನನ್ನದನ್ನು ಇಳಿಸಲಿಲ್ಲ, ಹತ್ತು ಅಂತಲೇ ಲೆಕ್ಕ.

ಮನೆಗೆ ಹೊರಟೆವು. ಚೌಕದಲ್ಲಿ ಸುಡುಬಿಸಿಲು. ಅರ್ಧ ದಾರಿಯಲ್ಲಿ ನಾನು ಅವನ ತೋಳು ಜಗ್ಗಿದೆ.

"ಮೂರು ವಾರ ವಿಸ್ಟಿನ್! ದಿನಾ ಸಂಜೆ ಬಾಲ್ಕನಿಯಲ್ಲಿ ನಿಂತು ಕೋತಿ ಹಾಗೆ ಕುಣೀತಿದ್ದೆ. ಒಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂತ ದಿನಾ ಬಾಗಿಲವರೆಗೂ ಬರ್ತಿದ್ದೆ," ಅಂದ. "ನೀನು ನಗ್ತಾ ಇರ್ತಿದ್ದೆ. ನೀನು ಹಾಗೆ ನಕ್ಕಿದ್ದು ನೋಡಿ ನನಗೆ ಎಷ್ಟು ವರ್ಷ ಆಗಿತ್ತು ಗೊತ್ತಾ? ನಾಳೆ ಹೇಳಿದ್ರಾಯ್ತು ಅಂತ ವಾಪಸ್ ಹೋಗ್ತಿದ್ದೆ."

"ಜಾಗ ಹೋಗಿದ್ರೆ?"

ಅವನು ನಿಂತು, ನಿಜಕ್ಕೂ ಯೋಚನೆ ಮಾಡಿ ಉತ್ತರ ಕೊಟ್ಟ. "ಅತ್ತುಬಿಡ್ತಿದ್ದೆ ಕಣೇ."

ಅತ್ತದ್ದು ನಾನು. ಅದೂ ಎಲ್ಲಿ, ಸಂತ ರೋಕ್ಕು ಕ್ಲಬ್ಬಿನ ಬಾಗಿಲೆದುರಿಗೆ, ಫ್ರೆದುವೂ ನನ್ನ ತಂಗಿಯೂ ಹೊರಗೆ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿರುವಾಗಲೇ.